ಒಣಬಟ್ಟೆಯ ಮಹಾಂತಮ್ಮ

ಬಟ್ಟೆ ಯಾರದೇ ಇರಲಿ, ಎಲ್ಲಿಯದೇ ಇರಲಿ, ಅದನ್ನೆತ್ತಿ ತಮ್ಮ ಕೆನ್ನೆಗೆ ಒತ್ತಿ ನೋಡದೆ ಒಣಗಿದೆಯೆಂದು ಮಹಾಂತಮ್ಮನವರು ಒಪ್ಪಿದವರಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಲಾಂಡ್ರಿಯವನು ಗರಿಗರಿಯಾಗಿ ಇಸ್ತ್ರಿ ಮಾಡಿ, ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟ ಸೀರೆಯನ್ನು ಅಂಗಡಿಯ ಮುಂದೆಯೇ ಬಿಚ್ಚಿ, ಮಡಿಕೆಯ ಒಳಪದರಕ್ಕೆ ಕೆನ್ನೆಯಿಟ್ಟು, "ಅಲ್ಲಾ, ಇಸ್ತ್ರಿ ಬಿಸೀಲಿ ಹಸಿ ಮುಚ್ಚಿಟ್ಟು ಕೊಡ್ತೀಯಲ್ಲ, ನಿನ್ನ ಹೆಂಡ್ತಿಗೆ ಉಡಿಸ್ತೀಯಾ ಇದನ್ನ?" ಎಂದು ಅವರು ಗದರಿದ್ದನ್ನು ಬೀದಿಯಲ್ಲಿ ನಿಂತು ಕೇಳಿದವರಲ್ಲಿ ನಾನೂ ಒಬ್ಬ. ನೆಂಟರ ಮದುವೆಯೊಂದರಲ್ಲಿ ವೃದ್ಧೆಯೊಬ್ಬರ ಕೆಳಗೆ ಹಾಸಿದ್ದ ಜಮಖಾನ ತೇವವಾಗಿದೆಯೆಂದು ಆಕೆಯನ್ನು ಎಬ್ಬಿಸಿ, ಬೀಗರ ಎದುರಿಗೇ ಅದನ್ನು ಸುರುಳಿ ಸುತ್ತಿ ಅಂಗಳಕ್ಕೆ ಎಸೆದರೆಂದೂ, ಆ ಮನೆಯವರು ಮುಂದಿನ ಮದುವೆಗೆ ಅವರನ್ನು ಕರೆಯಲಿಲ್ಲವೆಂದೂ ಕೇಳಿದ್ದೇನೆ. ಕರೆಯದಿದ್ದುದಕ್ಕೆ ಅವರಿಗೇನೂ ಬೇಸರವಾಗಿರಲಿಲ್ಲ.

ಅವರ ಮಾತೆಲ್ಲ ಆರಂಭವಾಗುತ್ತಿದ್ದುದೇ "ಅಲ್ಲಾ" ಎಂಬ ಉದ್ಗಾರದಿಂದ. ಲೋಕ ಆಗಷ್ಟೇ ಏನೋ ಅನ್ಯಾಯ ಮಾಡಿದೆ, ತಾವು ಅದನ್ನು ಕೈಯೊಡ್ಡಿ ತಡೆಯುತ್ತಿದ್ದೇವೆ ಎಂಬ ಧಾಟಿ ಅದರಲ್ಲಿತ್ತು. ಕುಳ್ಳಗಿನ ಗಟ್ಟಿ ದೇಹ, ಹಣೆಯಲ್ಲಿ ಮಾಸದ ವಿಭೂತಿ, ಬಿಳಿ ಸೀರೆಯ ಮೇಲೆ ಚಳಿ ಬಿಸಿಲೆನ್ನದೆ ತೊಡುತ್ತಿದ್ದ ಬೂದುಬಣ್ಣದ ಗಂಡಸರ ಕೋಟು. ಅಗಲಿದ ಪತಿಯದೆಂದು ಕೆಲವರು, ಸಂತೆಯಲ್ಲಿ ಕೊಂಡದ್ದೆಂದು ಕೆಲವರು ಹೇಳುತ್ತಿದ್ದರು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಿಮ್ಮಡಿ ನೆಲಕ್ಕೆ ಬಡಿಯುವಂತೆ ನಡೆಯುತ್ತಿದ್ದುದರಿಂದ ಅವರು ಬರುವ ಮೊದಲೇ ಅವರ ಸಿಟ್ಟು ಬಂದು ತಲುಪುತ್ತಿತ್ತು. ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಭದ್ರಾವತಿಯ ಹೈಸ್ಕೂಲೊಂದರಲ್ಲಿ ಮೇಷ್ಟ್ರಾಗಿದ್ದೆ. ಅವರು ಅಲ್ಲಿನ ಓಲ್ಡ್ ಟೌನಿನ ಪುಟ್ಟದೊಂದು ಧರ್ಮದ ಹೆರಿಗೆ ಆಸ್ಪತ್ರೆಯಲ್ಲಿ ಮೇಟ್ರನ್. ಇಬ್ಬರೂ ಶಿವಮೊಗ್ಗದಿಂದ ಬೆಳಗಿನ ರೈಲಿಗೆ ಹೋಗಿಬರುತ್ತಿದ್ದುದರಿಂದ ಪರಿಚಯವಾಯಿತು.

ಆ ಆಸ್ಪತ್ರೆಗೆ ಬಟ್ಟೆಯದೇ ದೊಡ್ಡ ಸಂಕಟ. ಮಳೆಗಾಲದಲ್ಲಿ ಬಿಸಿಲಿಲ್ಲ, ಬಿಸಿಲಿದ್ದ ಕಾಲದಲ್ಲಿ ಹೊರಗೆ ಹರವಿದರೆ ಕಾರ್ಖಾನೆ ಊರಿನ ಮಸಿ. ಹೀಗಾಗಿ ಬಟ್ಟೆ ಒಗೆಯುವ ದುರ್ಗಮ್ಮ ಕೆಂಡದ ಒಲೆಯ ಮೇಲೆ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಕೂಸುಗಳ ಬಟ್ಟೆ ಹರವಿ, ಚಿಟಿಕೆ ಸಾಂಬ್ರಾಣಿ ಹಾಕಿ ಒಣಗಿಸುತ್ತಿದ್ದಳು. ನಿಧಾನದ ಕೆಲಸ, ಆದರೆ ಮಹಾಂತಮ್ಮನವರ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು. ಅಷ್ಟರಲ್ಲಿ ಆಸ್ಪತ್ರೆಯ ಸಮಿತಿಯ ಅಧ್ಯಕ್ಷರಾದ ಅಡಿಕೆ ಮಂಡಿ ಸಾಹುಕಾರ ಮುರುಗೇಶಪ್ಪನವರು ತಮ್ಮ ಸ್ವಂತ ದಾನವಾಗಿ ಒಂದು ವಿಲಾಯಿತಿ ಯಂತ್ರ ತರಿಸಿದರು. ಒಗೆಯುವುದೂ ಅದೇ, ಒಣಗಿಸುವುದೂ ಅದೇ. ಮುಂದೆ ಗಾಜಿನ ಬಾಗಿಲು. ಹಿಂದಿನಿಂದ ತಗಡಿನ ಕೊಳವೆಯೊಂದು ಗೋಡೆಯಲ್ಲಿ ಕೊರೆದ ಕಿಂಡಿಗೆ ಹೋಗಿ, ಬಟ್ಟೆಯಿಂದ ಎದ್ದ ಹಬೆಯನ್ನು ಹೊರಕ್ಕೆ ಬಿಡುತ್ತಿತ್ತು. ಕುಂಕುಮ, ಹಾರ, ಭಾಷಣ, ಮೈಸೂರುಪಾಕುಗಳೊಂದಿಗೆ ಯಂತ್ರದ ಉದ್ಘಾಟನೆಯಾಯಿತು. ಇನ್ನು ಇದ್ದಿಲಿನ ಅಗತ್ಯವಿಲ್ಲವೆಂದು ಮರುದಿನವೇ ಸಮಿತಿ ಇದ್ದಿಲು ಕೊಡುವುದನ್ನು ನಿಲ್ಲಿಸಿತು.

ಮೊದಲ ಕೆಲವು ದಿನ ಯಂತ್ರ ಚೆನ್ನಾಗಿಯೇ ನಡೆಯಿತು. ಆಮೇಲೆ ಬಟ್ಟೆ ಬೆಚ್ಚಗೆ ಹೊರಬರುತ್ತಿತ್ತು, ಆದರೆ ಒದ್ದೆಯಾಗಿ ಬರುತ್ತಿತ್ತು. ಬಿಸಿ ಆರಿದ ಮೇಲೆ ತಣ್ಣಗೆ ಮೈಗಂಟುವ ಒದ್ದೆ. ಸಮಿತಿಯವರಿಗೆ ಕಾರಣ ಕೂಡಲೇ ಹೊಳೆಯಿತು: ದುರ್ಗಮ್ಮ. ಆಕೆ ಜಾಸ್ತಿ ತುಂಬುತ್ತಾಳೆ, ಆಕೆಗೆ ಮಿಷನ್ ಒಗ್ಗುವುದಿಲ್ಲ, ಬೇರೆಯವಳನ್ನು ನೋಡಬೇಕು. ಮಹಾಂತಮ್ಮನವರು ತಾವೇ ನಿಂತು ಅರ್ಧ ಬಟ್ಟೆ ಹಾಕಿಸಿದರು, ಒದ್ದೆ. ಕಾಲು ಭಾಗ ಹಾಕಿಸಿದರು, ಒದ್ದೆ. ಕರೆಂಟು ಸಾಲುತ್ತಿಲ್ಲವೆಂದರು ಒಬ್ಬರು. ಬೇರೆ ತಂತಿ ಎಳೆಸಿದ್ದಾಯಿತು. ಮದರಾಸಿನಿಂದ ಬಂದ ಮೆಕ್ಯಾನಿಕ್ಕು ಬಟ್ಟೆಯ ಎಳೆ, ಧೂಳು ಕಟ್ಟಿದ್ದ ಜಾಲರಿಯನ್ನು ತೊಳೆದು, ಯಂತ್ರವನ್ನು ಬಿಚ್ಚಿ ಜೋಡಿಸಿ, ಎಲ್ಲ ಸರಿಯಿದೆ ಎಂದು ಬರೆದುಕೊಟ್ಟು ಹೋದ. ಬಟ್ಟೆಗೆ ಅವನ ಬರಹ ತಿಳಿಯಲಿಲ್ಲ. "ಅಲ್ಲಾ ಮೇಷ್ಟ್ರೇ, ಎಲ್ಲಾರೂ ದುರ್ಗಮ್ಮನ ಕೈ ನೋಡ್ತಾರೆ, ಒಬ್ರೂ ಬಟ್ಟೆ ಮುಟ್ಟಿ ನೋಡಲ್ಲ" ಎಂದು ರೈಲಿನಲ್ಲಿ ಅವರು ಹಲ್ಲು ಕಚ್ಚಿದ್ದು ನೆನಪಿದೆ. ತಮ್ಮ ಸಂಬಳದಲ್ಲೇ ಇದ್ದಿಲು ತರಿಸಿದರು. ಹೊಸ ಯಂತ್ರದ ಪಕ್ಕದಲ್ಲಿ ಕೆಂಡದ ಒಲೆಯಿದ್ದರೆ ನೋಡಿದವರು ಏನಂದಾರೆಂದು ಸಮಿತಿಯ ಕಾರ್ಯದರ್ಶಿ ಅದನ್ನೂ ಹೊರಗಿಡಿಸಿದ.

ಆ ದಿನಗಳಲ್ಲೇ ಕಾರ್ಖಾನೆಯ ಕೂಲಿ ಮಾರಪ್ಪನ ಕೂಸು ಆಸ್ಪತ್ರೆಯಲ್ಲೇ ಎದೆಗೆ ಶೀತ ಕಟ್ಟಿ ತೀರಿಕೊಂಡಿತು. ಒದ್ದೆ ಬಟ್ಟೆಯಿಂದಲೇ ಹೋಯಿತೆಂದು ಯಾವ ಡಾಕ್ಟರೂ ಹೇಳಲಾರರು, ಮಹಾಂತಮ್ಮನವರೂ ಹೇಳಲಿಲ್ಲ. ಅದಾದ ಮೇಲೆ ನನ್ನ ತಂಗಿ ಜಯಶೀಲಾ ಅಲ್ಲೇ ಹೆತ್ತಳು. ಹೆಣ್ಣು ಕೂಸು. ಎರಡನೆಯ ದಿನಕ್ಕೇ ಅದರ ಉಸಿರಿನಲ್ಲಿ ಗೊರಗೊರ ಸದ್ದು. ಡಾಕ್ಟರು ಔಷಧಿ ಕೊಟ್ಟು, "ಒಣಗಿದ ಬಟ್ಟೇಲಿ ಬೆಚ್ಚಗಿಡಿ" ಎಂದರು. ಒಣಗಿದ ಬಟ್ಟೆ! ಇಡೀ ಆಸ್ಪತ್ರೆಯಲ್ಲಿ ಇಲ್ಲದಿದ್ದುದು ಅದೊಂದೇ. ಮಹಾಂತಮ್ಮನವರು ತಮ್ಮ ಕೋಟನ್ನು ಬಿಚ್ಚಿ ಕೂಸಿಗೆ ಸುತ್ತಿ, ಜಯಶೀಲಾಳ ಮಗ್ಗುಲಿಗಿಟ್ಟು, ಯಂತ್ರದ ಕೋಣೆಗೆ ನಡೆದರು. ನಾನೂ ಹಿಂದೆ ಹೋದೆ.

ಯಂತ್ರ ತಿರುಗುತ್ತಿತ್ತು. ಕೋಣೆಯ ಗೋಡೆಗಳೆಲ್ಲ ಬೆವತಿದ್ದವು. ಗಾಜಿನ ಬಾಗಿಲಿನ ಒಳಗೆ ಹನಿಗಳು ಇಳಿಯುತ್ತಿದ್ದವು. ಅವರು ಬಹಳ ಹೊತ್ತು ಅದನ್ನೇ ದಿಟ್ಟಿಸಿದರು. "ಅಲ್ಲಾ, ಈ ಹಬೆ ಹೊರಗೆ ಹೋಗ್ಬೇಕಲ್ಲ, ಒಳಗ್ಯಾಕೆ ಅಳ್ತಿದೆ?" ಎಂದವರೇ ಕೊಳವೆಯ ಗುಂಟ ಗೋಡೆಯ ತನಕ ಕೈಯಾಡಿಸಿ, ಪಕ್ಕದ ಬುಟ್ಟಿಯಲ್ಲಿದ್ದ ಕೂಸಿನ ಬಟ್ಟೆಯೊಂದನ್ನು ಎಳೆದುಕೊಂಡು ಹೊರಗೆ ಓಡಿದರು. ಗೋಡೆಯ ಆಚೆ ಮುರುಗೇಶಪ್ಪನವರ ಮನೆಯ ಹಿತ್ತಿಲು. ಆಸ್ಪತ್ರೆಯ ಜಾಗವೂ ಹಿಂದೆ ಅವರದೇ ಹಿತ್ತಿಲು. ಅಲ್ಲಿಗೆ ನಾವಾರೂ ಹೋಗುತ್ತಿರಲಿಲ್ಲ, ಮೆಕ್ಯಾನಿಕ್ಕೂ ಹೋಗಿರಲಿಲ್ಲ. ಅಂದು ಮಹಾಂತಮ್ಮನವರು ಬೇಲಿಯ ಬಾಗಿಲನ್ನು ನೂಕಿಕೊಂಡೇ ಹೋದರು. ಕಿಂಡಿಯಿರಬೇಕಾದ ಕಡೆ ಗಾರೆ ಮೆತ್ತಿ ಸುಣ್ಣ ಬಳಿದ ಒಂದು ಚೌಕವಿತ್ತು. ಅದರ ಮೇಲೆ ಮೂರು ಬೆರಳಿನಲ್ಲಿ ನೀಟಾಗಿ ವಿಭೂತಿ ಎಳೆದಿತ್ತು. ಎದುರಿಗೇ ಸಾಹುಕಾರರ ಪೂಜಾಕೋಣೆಯ ಕಿಟಕಿ.

ಈ ಮುರುಗೇಶಪ್ಪನವರನ್ನು ನಾನು ಎಷ್ಟೋ ವೇದಿಕೆಗಳಲ್ಲಿ ಕೇಳಿದ್ದೆ. ಲಿಂಗ ಕಟ್ಟಿಕೊಂಡವರಿಗೆ ಹುಟ್ಟಿನ ಸೂತಕವಿಲ್ಲ, ಸಾವಿನ ಸೂತಕವಿಲ್ಲ, ನಮ್ಮ ಧರ್ಮದ ಹಿರಿಮೆಯೇ ಅದು ಎಂದು ಅವರು ಕಂಠ ತುಂಬಿ ಹೇಳುವಾಗ ಜನ ಚಪ್ಪಾಳೆ ತಟ್ಟುತ್ತಿದ್ದರು, ನಾನೂ ತಟ್ಟಿದ್ದೇನೆ. ಮಹಾಂತಮ್ಮನವರು ಒಳಗೆ ನುಗ್ಗಿದಾಗ ಅವರು ಪೂಜೆ ಮುಗಿಸಿ, ಬರಿಮೈಯಲ್ಲಿ ಪಡಸಾಲೆಯ ಮಣೆಯ ಮೇಲೆ ಕೂತಿದ್ದರು. ಹೆಂಡತಿ ಶಂಕರಮ್ಮ ಕಾಫಿ ತರುತ್ತಿದ್ದರು.

"ಅಲ್ಲಾ ಸಾಹುಕಾರ್ರೇ, ಆ ಕಿಂಡಿ ಮುಚ್ಚಿಸಿದ್ದು ಯಾರು?"

"ಯಾವ ಕಿಂಡಿ? ಓ, ಅದಾ. ಪೂಜೆಗೆ ಕೂತ್ರೆ ಹಬೆ ನೇರ ಮುಖಕ್ಕೇ ಬರುತ್ತೆ ಮಹಾಂತಮ್ಮನವರೇ. ಎಷ್ಟಾದ್ರೂ ಹೆರಿಗೆ ಬಟ್ಟೆ ಹಬೆ. ನಂದೇನಿಲ್ಲ, ಮನೇಲಿ ಹೆಂಗಸರು ಒಪ್ಪಲಿಲ್ಲ."

"ನಾನ್ಯಾವಾಗ ಅಂದೆ?" ಎಂದರು ಶಂಕರಮ್ಮ, ಲೋಟ ಕೆಳಗಿಡುತ್ತ. "ಗಾರೆಯವ್ನನ್ನ ಕರೆಸಿದ್ದು ನೀವು, ಭಸ್ಮ ಎಳೆದಿದ್ದೂ ನೀವು."

ಮಹಾಂತಮ್ಮನವರು ಕೂಗಾಡಲಿಲ್ಲ. ಕೈಯಲ್ಲಿದ್ದ ಕೂಸಿನ ಬಟ್ಟೆಯನ್ನು, ಆಗಷ್ಟೇ ಯಂತ್ರದಿಂದ ಬಂದದ್ದನ್ನು, ಬಿಡಿಸಿ ಸಾಹುಕಾರರ ಬರಿ ಹೆಗಲಿಗೆ ಹೊದಿಸಿದರು. ಸಾಹುಕಾರರು ಹಾವು ಮೈಮೇಲೆ ಬಿದ್ದವರ ಹಾಗೆ ಕೊಡವಿದರು.

"ಹೆದರ್ಬೇಡಿ, ಕುದಿಸಿ ತೊಳ್ದಿದ್ದೇ ಅದು. ಬರೀ ಹಸಿ ಅಷ್ಟೆ. ಹೊದ್ಕೊಂಡು ಕೂತ್ಕೊಳಿ ಸ್ವಲ್ಪ ಹೊತ್ತು. ಕೂಸುಗಳು ರಾತ್ರಿಯೆಲ್ಲಾ ಹೊದ್ಕೊಂಡಿರ್ತವೆ." ಜಾರಿದ ಬಟ್ಟೆಯನ್ನು ಮಹಾಂತಮ್ಮನವರು ಮತ್ತೆ ಸಾಹುಕಾರರ ಹೆಗಲಿಗೆ ಎಳೆದರು. "ಹುಟ್ಟಿದ ಕೂಸಿಗೇ ಲಿಂಗ ಕಟ್ಟೋ ಜನ ನಾವು. ಆ ಕೂಸಿನ ಬಟ್ಟೆ ಗಾಳಿ ನಿಮ್ಮ ಲಿಂಗಕ್ಕೆ ಮೈಲಿಗೆಯಾ? ದುರ್ಗಮ್ಮನ ಅನ್ನ ಕಿತ್ಕೊಳಕ್ಕೆ ಹೊರಟಿದ್ರಲ್ಲ ಎಲ್ಲಾ ಸೇರಿ, ಬಾಯಿ ಬಿಟ್ಟು ಒಂದು ಮಾತು ಹೇಳಕ್ಕಾಗಲಿಲ್ವಾ ನಿಮಗೆ?"

"ಒಡೆಸ್ತೀನಿ, ಒಡೆಸ್ತೀನಿ, ಇದನ್ನ ತೆಗಿ ಮಾರಾಯ್ತಿ," ಎಂದರು ಸಾಹುಕಾರರು.

ಗಾರೆಯವನು ಬರುವ ತನಕ ಮಹಾಂತಮ್ಮನವರು ಹಿತ್ತಿಲಿನಿಂದ ಕದಲಲಿಲ್ಲ. ಕಿಂಡಿ ತೆರೆದೊಡನೆ ಬಿಳಿಯ ಹಬೆ ಭುಸ್ಸೆಂದು ಹೊರಗೆ ಬಂತು. ಮೊದಲ ಒಣಬಟ್ಟೆಯನ್ನು ದುರ್ಗಮ್ಮ ತಂದು ಕೊಟ್ಟಾಗ ಜಯಶೀಲಾ ಅದನ್ನು ಮಗುವಿಗೆ ಸುತ್ತಿ ಅತ್ತುಬಿಟ್ಟಳು. ಕೂಸು ಉಳಿಯಿತು. ದುರ್ಗಮ್ಮನ ಕೆಲಸವೂ ಉಳಿಯಿತು. ಉಳಿಯದೆ ಹೋದದ್ದು ಮಹಾಂತಮ್ಮನವರದು.

ಮುಂದಿನ ಸಭೆಯಲ್ಲಿ ಯಂತ್ರ ಸರಿಹೋದುದಕ್ಕೆ ದಾನಿಗಳಿಗೆ ವಂದನೆ ಸಲ್ಲಿಸಿದ ಸಮಿತಿ, ಅಧ್ಯಕ್ಷರ ಮನೆಗೆ ನುಗ್ಗಿ ಅಪಮಾನ ಮಾಡಿದ್ದಕ್ಕೆ ಮೇಟ್ರನ್ ಕ್ಷಮೆ ಕೇಳಬೇಕೆಂದು ತೀರ್ಮಾನಿಸಿತು. ಅದನ್ನು ತಿಳಿಸಲು ಬಂದ ಸಜ್ಜನರು ಬಹಳ ಮೃದುವಾಗಿಯೇ ಮಾತಾಡಿದರಂತೆ: ವಿಷಯ ಸರಿಯಮ್ಮಾ, ಹೇಳಿದ ರೀತಿ ತಪ್ಪು, ಒಂದು ಮಾತು ಕೇಳಿಬಿಟ್ಟರೆ ಮುಗಿಯಿತು. "ಅಲ್ಲಾ," ಎಂದರಂತೆ ಅವರು, "ಮಾರಪ್ಪನ ಹೆಂಡ್ತಿ ಹತ್ರ ನೀವು ಮೊದ್ಲು ಕೇಳಿ ಬನ್ನಿ. ಆಮೇಲೆ ನಾನು ಬರ್ತೀನಿ." ಯಾರೂ ಹೋಗಲಿಲ್ಲ. ತಿಂಗಳ ಕೊನೆಗೆ ಅವರು ಕೆಲಸ ಬಿಟ್ಟು, ಕುಂಸಿಯ ಕಡೆ ಯಾವುದೋ ಸಣ್ಣ ದವಾಖಾನೆ ಸೇರಿದರು. ಬೆಳಗಿನ ರೈಲಿನಲ್ಲಿ ನಾನು ನೆಮ್ಮದಿಯಾಗಿ ಪೇಪರು ಓದತೊಡಗಿದೆ. ಆ ನೆಮ್ಮದಿಯನ್ನು ನೆನೆದರೆ ಇಂದಿಗೂ ನನಗೆ ಮೈಯುರಿಯುತ್ತದೆ.

ಪ್ರತಿ ಊರಿನಲ್ಲೂ ಇಂಥವರು ಒಬ್ಬರೋ ಇಬ್ಬರೋ ಇರುತ್ತಾರೆ. ತಮಗಾಗಿ ಎಂದೂ ಜಗಳಕ್ಕೆ ನಿಲ್ಲದ, ಬಾಯಿಲ್ಲದವರ ಪರವಾಗಿ ಎಂದೂ ಸುಮ್ಮನಿರದ ಈ ಜನರನ್ನು ನಾವು ಸಿಡುಕರೆಂದು, ರೀತಿನೀತಿ ತಿಳಿಯದವರೆಂದು ಹೆಸರಿಟ್ಟು ದೂರವಿಡುತ್ತೇವೆ; ಕಿಂಡಿ ಮುಚ್ಚಿದವನ ದನಿ ಮೆತ್ತಗಿದ್ದರೆ ಅವನನ್ನು ದೊಡ್ಡ ಮನುಷ್ಯನೆನ್ನುತ್ತೇವೆ. ಅವರು ಇದ್ದಷ್ಟು ದಿನ ನಮಗೆ ಕಿರಿಕಿರಿ. ಅವರನ್ನು ಊರು ಬಿಡಿಸಿದ ಮೇಲೆ ಊರು ಬಹಳ ಸೌಜನ್ಯದಿಂದ ನಡೆದುಕೊಂಡು ಹೋಗುತ್ತದೆ. ತೊಟ್ಟಿಲಿನಲ್ಲಿರುವ ಕೂಸಿನ ಬಟ್ಟೆ ಒಣಗಿದೆಯೇ ಎಂದು ಕೇಳುವವರು ಮಾತ್ರ ಯಾರೂ ಇರುವುದಿಲ್ಲ.