ಕಿತ್ತಳೆಯ ಸಾಲು

ಗಾಡಿಯ ಕೀ ರೇಮೆಕ್‌ನ ಜೇಬು ಸೇರಿದ ಗಳಿಗೆಯಿಂದಲೇ ಕಾಯೆತಾನ್ ಬೀದಿಯ ಎರಡೂ ಕಡೆ ಕಣ್ಣಾಡಿಸುತ್ತಲೇ ಇದ್ದ.

"ನಿನ್ನ ಮುಖ ನೋಡಿದ್ರೆ ನನ್ನ ಬಿಟ್ಟು ಓಡಿಹೋಗ್ತೀಯ ಕಣೋ," ಎಂದು ನಗುತ್ತಾ ಕೀ ಕಿತ್ತುಕೊಂಡ ಆ ಮಹಾನುಭಾವ, ಪರದೇಶದ ಮಾಲನ್ನು ಡಾಲರಿಗೆ ಮಾತ್ರ ಮಾರುವ ಡಾಲರ್ ಅಂಗಡಿಯ ಹಿಂಬಾಗಿಲ ಬೀಗ ಮುರಿದು ಒಳಗೆ ಹೋಗಿದ್ದ. ಗಾಡಿಯೂ ಕದ್ದದ್ದೇ. ಮೇಲಿಂದ ಮೇಲೆ ಜೈಲಿನಿಂದ ಪರಾರಿಯಾಗುವ ರೇಮೆಕ್‌ನ ಕಥೆಗಳನ್ನು ಬೀತೋಮ್ ಎಂಬ ಆ ಗಣಿಯೂರೆಲ್ಲ ಹೇಳಿಕೊಂಡು ನಗುತ್ತಿತ್ತು. ನ್ಯಾಯಾಧೀಶರ ಕೋಟನ್ನೇ ತೊಟ್ಟು ಕೋರ್ಟಿನಿಂದ ಹೊರನಡೆದನಂತೆ, ಬಾಗಿಲಲ್ಲಿದ್ದ ಮಿಲಿಷಿಯಾ ಪೊಲೀಸನೇ ಸೆಲ್ಯೂಟ್ ಹೊಡೆದನಂತೆ. ನಗುವವರಿಗೇನು, ಅವರ್ಯಾರೂ ಅವನ ಗಾಡಿಯಲ್ಲಿ ಕೂತವರಲ್ಲ.

ಕಾಯೆತಾನ್ ಮಾತ್ರ ಕೂತಿದ್ದ. ಟ್ರಾಮ್ ಓಡಿಸಿಕೊಂಡು ಮರ್ಯಾದೆಯಾಗಿ ಬದುಕಿದ್ದವನು. ಹೆಂಡತಿ ಒಟೀಲಿಯಾಗೆ ದಿನ ತುಂಬಿತ್ತು. ಕಿತ್ತಳೆ, ಕಿತ್ತಳೆ ಎಂದು ಹಂಬಲಿಸುತ್ತಿದ್ದಳು. ಕ್ರಿಸ್‌ಮಸ್ ಹಬ್ಬ ಬಂದರೂ ಸರ್ಕಾರಿ ಅಂಗಡಿಯ ಕಪಾಟಿನಲ್ಲಿ ವಿನಿಗರ್ ಬಾಟಲಿ ಬಿಟ್ಟರೆ ಧೂಳು. ಶಾಲೆಯ ಗೆಳೆಯ ರೇಮೆಕ್ ಎದುರಾಗಿ, "ಒಂದು ಬೆಳಗ್ಗೆ ಗಾಡಿ ಓಡಿಸು, ಒಂದು ಪೆಟ್ಟಿಗೆ ಕಿತ್ತಳೆ ನಿಂದು," ಅಂದಾಗ ಬುದ್ಧಿಗೆ ಮಂಕು ಕವಿಯಿತು. ಒಟೀಲಿಯಾ ಹಿಂದೆಯೇ ಹೇಳಿದ್ದಳು: "ಆ ಕಳ್ಳನ ಸಹವಾಸ ಮಾಡಿ ನೀವು ಒಳಗೆ ಹೋದ್ರೆ, ಮಗು ಅಪ್ಪ ಯಾರು ಅಂತ ಕೇಳಿದ್ರೆ ಸತ್ತ ಅಂತ ಹೇಳ್ತೀನಿ." ಹೇಳಿದಂತೆ ಮಾಡುವ ಹೆಂಗಸು ಅವಳು.

ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಗಾಡಿಯ ಕಿಟಕಿಯನ್ನು ಯಾರೋ ತಟ್ಟಿದರು. ಕಾಯೆತಾನ್ ಗಾಜು ಇಳಿಸಿದ. ಕೈಚೀಲ ಹಿಡಿದ ಮುದುಕಿ.

"ಏನು ಕೊಡ್ತಿದಾರೆ ಮಗಾ?"

"ಏನೂ ಇಲ್ಲ ಅಜ್ಜಿ. ಹೋಗಿ."

"ಏನೂ ಇಲ್ದೆ ಅಂಗಡಿ ಹಿಂದೆ ಗಾಡಿ ನಿಲ್ಲುತ್ತಾ? ನಾನೇನು ನಿನ್ನೆ ಹುಟ್ಟಿದೋಳಾ?"

ಅವಳು ಗಾಡಿಗೆ ಒರಗಿ ನಿಂತಳು. ಅವಳ ಹಿಂದೆ ಗಣಿಯಿಂದ ಬರುತ್ತಿದ್ದ ಇಬ್ಬರು ನಿಂತರು. ಅವರ ಹಿಂದೆ ಇನ್ಯಾರೋ. ಏನು, ಎತ್ತ ಎಂದು ಕೇಳುವ ಮೊದಲೇ ಸಾಲಿಗೆ ಸೇರುವುದು ಈ ಊರಿನ ಕಾಲುಗಳಿಗೆ ರೂಢಿಯಾಗಿತ್ತು. ನೋಡುನೋಡುತ್ತಿದ್ದಂತೆ ಸಾಲು ಮೂಲೆಯಾಚೆಗೂ ಬೆಳೆಯಿತು.

ರೇಮೆಕ್ ಹೊರಬಂದ. ಹೆಗಲಲ್ಲಿ ದೋಚಿದ ಮಾಲಿನ ಚೀಲ, ಕೈಯಲ್ಲಿ ಕಿತ್ತಳೆಯ ಪೆಟ್ಟಿಗೆ. ಸಾಲನ್ನು ನೋಡಿ ಬೆಚ್ಚಲಿಲ್ಲ, ಮುಖ ಅರಳಿತು.

"ಕಾರ್ಮಿಕರಿಗೆ ಹಬ್ಬದ ಕೊಡುಗೆ! ತಲೆಗೊಂದು! ನೂಕಬೇಡಿ!" ಎಂದು ಕೂಗಿ, ಪೆಟ್ಟಿಗೆಯನ್ನು ಗಾಡಿಯ ಮೂತಿಯ ಮೇಲಿಟ್ಟ. ಕಾಯೆತಾನ್‌ನನ್ನು ಕೆಳಗಿಳಿಸಿ ಕಿವಿಯಲ್ಲಿ, "ನೀನು ಹಂಚ್ತಾ ಇರು, ಉಳಿದದ್ದು ತರ್ತೀನಿ," ಎಂದು ಚೀಲದ ಸಮೇತ ಒಳಗೆ ಹೋದ. ಅಂಗಡಿಗೆ ಮುಂದೆಯೂ ಒಂದು ಬಾಗಿಲಿದೆ ಎಂಬುದು ಕಾಯೆತಾನ್‌ಗೆ ಆಮೇಲೆ ನೆನಪಾಯಿತು. ಗಾಡಿಯ ಕೀ ರೇಮೆಕ್‌ನ ಜೊತೆಯೇ ಹೋಯಿತು.

ಆಗಲೇ ಮಿಲಿಷಿಯಾದವನು ಬಂದ. ಎಳೆ ಹುಡುಗ, ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ನೇರ ಮುಂದಕ್ಕೆ ನಡೆದುಬಂದ.

"ಎಲ್ಲಿಗೆ ಸ್ವಾಮಿ?" ಮುದುಕಿ ಅಡ್ಡ ನಿಂತಳು. "ಯೂನಿಫಾರ್ಮ್ ಹಾಕಿದ್ರೆ ಕಿತ್ತಳೆ ಮೊದ್ಲು ಸಿಗುತ್ತಾ? ಹಿಂದೆ ಹೋಗಿ ನಿಲ್ಲಪ್ಪ!"

ಸಾಲಿನವರೆಲ್ಲ ಹೋ ಎಂದರು. ಹುಡುಗ ಕೆಂಪಾಗಿ ಕೊನೆಗೆ ಹೋಗಿ ನಿಂತ.

ಆಮೇಲಿನದು ನರಕ. ಓಡಿದರೆ ಸಿಕ್ಕಿಬೀಳುವುದು ಖಂಡಿತ. ಹಂಚಿದರೆ, ಒಂದೊಂದು ಹಣ್ಣಿಗೂ ಆ ಹುಡುಗನ ನೀಲಿ ಟೋಪಿ ಒಂದೊಂದು ಹೆಜ್ಜೆ ಹತ್ತಿರ. ಬಾಗಿಲ ಮುರಿದ ಬೀಗ ಅವನ ಬೆನ್ನ ಹಿಂದೆಯೇ ನೇತಾಡುತ್ತಿತ್ತು. ಅದನ್ನು ಬೆನ್ನಿನಿಂದ ಮರೆಮಾಡಿಕೊಂಡೇ ಹಂಚಿದ. ಯೇಸುವೇ, ಮಗುವಿನ ಮುಖ ನೋಡುವಷ್ಟು ಮಾತ್ರ ಬಿಡು ಎಂದು ಬೇಡಿಕೊಂಡ.

ಪೆಟ್ಟಿಗೆಯಲ್ಲಿ ಒಂದೇ ಹಣ್ಣು ಉಳಿಯಿತು. ಎದುರಿಗೆ ಮಿಲಿಷಿಯಾದವನು ಒಬ್ಬನೇ.

ಅದನ್ನು ಕೊಟ್ಟು ಕೈತೊಳೆದುಕೊಂಡಿದ್ದರೆ ಆಗುತ್ತಿತ್ತು. ಆದರೆ ಒಟೀಲಿಯಾಳ ಮುಖ ಕಣ್ಣಿಗೆ ಕಟ್ಟಿತು. ಕೈ ತಾನಾಗಿ ಪೆಟ್ಟಿಗೆಯ ಮರೆಯಲ್ಲಿ ಹಣ್ಣನ್ನು ಕೋಟಿನೊಳಗೆ ಸೇರಿಸಿತು.

"ಮುಗೀತು," ಎಂದ. ಅಂಗಡಿಯವರು ದಿನಾ ಹೇಳುವ ಅದೇ ದನಿ, ಅದೇ ಬೇಸರ.

ಹುಡುಗ ಅವನ ಮುಖವನ್ನೊಮ್ಮೆ ನೋಡಿದ. ನಿಟ್ಟುಸಿರು ಬಿಟ್ಟು ತಿರುಗಿ ಹೋದ. ಮುಗೀತು ಅಂದಮೇಲೆ ಮುಗೀತು, ಅದಕ್ಕೆ ಈ ದೇಶದಲ್ಲಿ ಎದುರು ಮಾತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಥೆ ಊರೆಲ್ಲ ಹಬ್ಬಿತ್ತು. ಹಬ್ಬದ ಊಟಕ್ಕೆಂದು ಜೀವಂತ ತಂದ ಮೀನು ಬಚ್ಚಲ ತೊಟ್ಟಿಯಲ್ಲಿ ಈಜಾಡುತ್ತಿತ್ತು. ಒಟೀಲಿಯಾ ಒಲೆಯ ಪಕ್ಕ ಕೂತು, ಟ್ರಾಮ್ ಡಿಪೋದಲ್ಲಿ ಕೊಟ್ಟರೆಂದು ಗಂಡ ಹೇಳಿದ ಕಿತ್ತಳೆಯನ್ನು ಸುಲಿಯುತ್ತಾ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಆ ರೇಮೆಕ್ ಅಂಗಡಿ ದೋಚಿ ಕ್ಯೂ ನಿಲ್ಸಿ ಹಂಚಿದನಂತೆ ರೀ! ಯಾವನೋ ಪೆದ್ದನ್ನ ಅಲ್ಲಿ ನಿಲ್ಸಿ ತಾನು ಮಂಗಮಾಯ! ತಲೆಗೊಂದು ಕಿತ್ತ..."

ಸುಲಿಯುತ್ತಿದ್ದ ಬೆರಳುಗಳು ನಿಂತವು. ಹಣ್ಣನ್ನು ನೋಡಿದಳು, ಗಂಡನನ್ನು ನೋಡಿದಳು. ಅವನು ತಲೆ ತಗ್ಗಿಸಿದ.

ಕೆಳಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು. ಮಿಲಿಷಿಯಾದವರು ಬಾಗಿಲು ಬಾಗಿಲು ತಟ್ಟಿ ಶೋಧಿಸುತ್ತಾ ಬರುತ್ತಿದ್ದರು. ಒಟೀಲಿಯಾ ಹಣ್ಣನ್ನು ಬಾಯಿಗೆ ತುರುಕಿಕೊಂಡು, ಅಗಿಯುತ್ತಾ, ಅಳುತ್ತಾ, ಸಿಪ್ಪೆಯನ್ನೆಲ್ಲ ಬಾಚಿ ಒಲೆಗೆ ಎಸೆದಳು. ಸುಟ್ಟರೆ ವಾಸನೆ ಬರುತ್ತದೆಂದು ಗಾಬರಿಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಸುಟ್ಟ ಸಿಪ್ಪೆಯ ಘಮ ಮನೆ ತುಂಬಿ, ಬಾಗಿಲ ಸಂದಿಯಿಂದ ಮೆಟ್ಟಿಲಿಗೂ ಇಳಿಯಿತು.

ಬೂಟುಗಳು ಅವರ ಬಾಗಿಲಲ್ಲೇ ನಿಂತವು. ಕಾಯೆತಾನ್ ತೆರೆದ.

ಅದೇ ಹುಡುಗ. ಕಣ್ಣುಮುಚ್ಚಿ ಒಮ್ಮೆ ಉಸಿರೆಳೆದುಕೊಂಡ.

"ಮುಗೀತು ಅಂದ್ರಲ್ಲ ಸ್ವಾಮಿ?"