ಮೆಟ್ಟಿಲ ಬುಡದಲ್ಲಿ ಮದುವೆ

ಮೇಲೆ ಏನೋ ಎಳೆದರು, ಮರವೋ ಕಬ್ಬಿಣವೋ, ಕಿರ್ರೆಂದಿತು, ಆಮೇಲೆ ಸುಮ್ಮನಾಯಿತು — ಬೆಂಚು ಸರಿಸುತ್ತಿರಬೇಕು, ನನ್ನನ್ನು ತಂದು ಇಳಿಸಲು ಜಾಗ ಮಾಡುತ್ತಿರಬೇಕು, ಅಕ್ಕಿ ಮೂಟೆ ಬರುತ್ತದೆ ಎಂದರೆ ಮೂಲೆ ಖಾಲಿ ಮಾಡುತ್ತಾರಲ್ಲ ಹಾಗೆ, ಮಾಡಲಿ, ನಾನಂತೂ ಎತ್ತಿಸಿಕೊಂಡು ಬರುವುದಿಲ್ಲ ಎಂದು ಹೇಳಿಯಾಗಿದೆ, ಇವತ್ತು ಯಾರೂ ನನ್ನನ್ನು ಎತ್ತುವಂತಿಲ್ಲ, ಮದುವೆ ನಿಂತರೂ ಎತ್ತುವಂತಿಲ್ಲ. ನಿಂತುಬಿಟ್ಟರೆ? ಗಾಲಿಕುರ್ಚಿಯ ಮುಂದಿನ ಚಕ್ರ ನೋಂದಣಿ ಕಚೇರಿಯ ಕೆಳಗಿನ ಮೆಟ್ಟಿಲಿಗೆ ತಾಗಿ ನಿಂತಿದೆ, ಮೆಟ್ಟಿಲ ಅಂಚಿನ ಕೆಂಪು ಗಾರೆ ಕಿತ್ತಿದೆ, ತಾಲ್ಲೂಕಿನ ಎಷ್ಟು ಹೊಲ ಮನೆ ಇದೇ ಮೆಟ್ಟಿಲು ಹತ್ತಿ ಕೈ ಬದಲಾದವೋ, ಎಷ್ಟು ಜೋಡಿ ಹಾರ ಹಾಕಿಕೊಂಡು ಇಳಿದುಹೋದವೋ, ನಾನು ಮತ್ತು ಸುದೀಪ ಮಾತ್ರ ಬುಡದಲ್ಲಿ, ಅವನ ಕೈಯಲ್ಲಿ ಎರಡು ಸೇವಂತಿಗೆ ಹಾರ, ನೀರು ಚಿಮುಕಿಸ್ಲಾ ಎಂದು ಎರಡು ಸಲ ಕೇಳಿದ, ನನಗೋ ಹೂವಿಗೋ ಎಂದೆ, ನಕ್ಕ, ಪಾಪ, ಐಮಂಗಲದ ಹೈವೇ ಪಕ್ಕ ಪಂಕ್ಚರ್ ಅಂಗಡಿ ಇಟ್ಟವನು, ನನ್ನ ಕುರ್ಚಿಯ ಟ್ಯೂಬಿಗೆ ತೇಪೆ ಹಾಕುತ್ತಾ ಹಾಕುತ್ತಾ ಬದುಕಿಗೇ ಅಂಟಿಕೊಂಡವನು, ಅವರ ಮನೆಯವರು ಕುರಿ ಮೇಯಿಸುವವರು, ನಾವು ಮಠಕ್ಕೆ ನಡೆದುಕೊಳ್ಳುವ ಒಕ್ಕಲಿನವರು, ಕಲ್ಯಾಣ ಮಂಟಪ ಬೇಡ ಪುರೋಹಿತರೂ ಬೇಡ, ಸರ್ಕಾರದ ಮುಂದೆ ಸಹಿ ಹಾಕಿದರೆ ಸಾಕು ಎಂದುಕೊಂಡೆವು, ಸರ್ಕಾರ ನೋಡಿದರೆ ಮಹಡಿ ಮೇಲೆ ಕೂತಿದೆ. ಗುಮಾಸ್ತ ನಾಗಭೂಷಣ ಅರ್ಧ ಮೆಟ್ಟಿಲು ಇಳಿದು ಬಂದು, ನಾಲ್ಕು ಜನ ಹಿಡ್ಕಂಡು ತಂದ್ಬಿಡ್ರಿ, ಎರಡು ನಿಮಿಷದ ಕೆಲ್ಸ, ಹೋದ್ ತಿಂಗ್ಳು ಒಬ್ರು ಅಜ್ಜನ್ನೂ ಹಂಗೇ ತಂದ್ರು ಎಂದ. ನಾನು ಅಜ್ಜ ಅಲ್ರಿ, ಮದುಮಗಳು ಎಂದೆ. ಕೆಟ್ಟ ಮನುಷ್ಯನಲ್ಲ ಆತ, ನಾಲಗೆ ಕಚ್ಚಿಕೊಂಡ, ಅದೇ ನೋಡು ಕಷ್ಟ, ಒಳ್ಳೆಯವರೆಲ್ಲ ನನ್ನನ್ನು ಎತ್ತಲು ಓಡಿ ಬರುತ್ತಾರೆ, ಮೆಟ್ಟಿಲಿಗೊಂದು ದಾರಿ ಮಾಡಲು ಯಾರೂ ಓಡಿ ಬರುವುದಿಲ್ಲ. ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಮೇಲೆ ಹೋದ, ಜನ ಕರೆದುಕೊಂಡು ಬರಲು ಹೋದನೇನೋ, ಹೊತ್ತಾದರೂ ಇಳಿದಿಲ್ಲ, ಹತ್ತಿ ಹೋಗುವಾಗ ಅವನ ಕತ್ತಿನ ಹಿಂದಿನ ಮಚ್ಚೆ ಟವೆಲ್ಲಿನ ಕೆಳಗೆ ಮರೆಯಾಯಿತು.

ಹೆಸರುಕಾಳಿನಷ್ಟು ಮಚ್ಚೆ. ನನಗಿಂತ ಚೆನ್ನಾಗಿ ಅದನ್ನು ಬಲ್ಲವರಿಲ್ಲ, ಅವ್ವನಿಗೂ ಗೊತ್ತಿಲ್ಲ, ಕೂಸುಮರಿ ಮಾಡಿಕೊಂಡು ಅಪ್ಪ ನನ್ನನ್ನು ಶಾಲೆಗೆ ಹೊತ್ತ, ಆಸ್ಪತ್ರೆಗೆ ಹೊತ್ತ, ಮಾರಿಕಣಿವೆಯ ಕಟ್ಟೆಗೆ ಹೊತ್ತ, ಚಿತ್ರದುರ್ಗದ ಕೋಟೆಯನ್ನು ಬಾಗಿಲು ಬಾಗಿಲಾಗಿ ಹತ್ತಿಸಿದ, ಮಾರನೇ ದಿನ ಮೇಷ್ಟ್ರು ಕೋಟೆ ಹೆಂಗಿತ್ತಮ್ಮ ಎಂದರೆ ನಾನು ಬೆವರು ವಾಸನೆ ಸಾರ್ ಎಂದಿದ್ದೆ, ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು, ಸುಳ್ಳೇನಲ್ಲ, ನಾನು ಕಂಡ ಜಗತ್ತಿಗೆಲ್ಲ ಮುಂದೆ ಆ ಕತ್ತು ಇತ್ತು, ಕತ್ತಿನ ಆಚೆ ಈಚೆ ಉಳಿದ ಚೂರುಗಳಷ್ಟೇ ಕೋಟೆ, ಚೂರುಗಳಷ್ಟೇ ನೀರು. ಆಗ ಅವನ ಕತ್ತು ಕರೀ ಎಳ್ಳಿನ ಉಂಡೆಯ ಹಾಗೆ ಗಟ್ಟಿ, ಈಗ ಸುಕ್ಕು ಬಿದ್ದಿದೆ, ಸೊಂಟದ ಡಿಸ್ಕ್ ಜಾರಿದೆ, ಡಾಕ್ಟರು ಕೊಡಪಾನವನ್ನೂ ಎತ್ತಬೇಡಿ ಎಂದಿದ್ದಾರೆ. ಹೋದ ವಾರ ನಾನು ಎತ್ತಿಸಿಕೊಳ್ಳೋದಿಲ್ಲ ಎಂದಾಗ ತಟ್ಟೆಯಿಂದ ಕೈ ತೆಗೆದುಬಿಟ್ಟ — ನಾನು ಎತ್ಕಂಡ್ರೆ ನಿಂಗೆ ನಾಚ್ಕೆನಾ ಮಗಾ, ಇಷ್ಟು ವರ್ಷ ಹೊತ್ತಿದ್ದು ನಿಂಗೆ ಭಾರ ಆಗಿತ್ತಾ. ಯಾರಿಗೆ ಭಾರ ಅಪ್ಪ, ಯಾರಿಗೆ, ನಾನು ಸಿಟ್ಟಿನಲ್ಲಿ ಕುರ್ಚಿ ತಿರುಗಿಸಿಕೊಂಡು ಹೋದೆ, ಹೇಳಬೇಕಿತ್ತು, ನಿನ್ನ ಬೆನ್ನು ನನಗೆ ಬಹಳ ಇಷ್ಟ, ಅದಕ್ಕೇ ಅದು ಮುರಿಯಬಾರದು, ಮತ್ತೆ — ಇದನ್ನೂ ಹೇಳಬೇಕಿತ್ತು — ಒಂದು ಸಲವಾದರೂ ಸರ್ಕಾರದ ಎದುರಿಗೆ ನಾನು ನನ್ನ ಮುಖ ಮುಂದೆ ಮಾಡಿಕೊಂಡು ಹೋಗಬೇಕು, ನಿನ್ನ ಕತ್ತಿನ ಹಿಂದಿನಿಂದ ಇಣುಕಿಕೊಂಡು ಅಲ್ಲ.

ಮತ್ತೆ ಕಿರ್ರ್ — ಈ ಸಲ ಉದ್ದಕ್ಕೆ, ಮೇಲಿನ ಬಾಗಿಲ ಕಡೆಗೆ. ಬೆಂಚಲ್ಲ, ಭಾರದ್ದು. ಚಿತ್ರದುರ್ಗದಲ್ಲಿ ನಮ್ಮಂಥವರಿಗೆಂದು ನಡೆದ ತರಬೇತಿಯಲ್ಲಿ ಒಬ್ಬ ವಕೀಲೆ ನಕ್ಷೆ ಬರೆದು ತೋರಿಸಿದ್ದಳು, ಎರಡು ಸಾವಿರದ ಏಳರಲ್ಲಿ ನ್ಯೂಯಾರ್ಕಿನಲ್ಲಿ ನಮ್ಮ ದೇಶ ಸಹಿ ಹಾಕಿತು, ಅಂಗವಿಕಲರ ಹಕ್ಕುಗಳ ಒಡಂಬಡಿಕೆ, ಮುಂದೆ ದೆಹಲಿಯಲ್ಲಿ ಅದಕ್ಕೆಂದೇ ಕಾಯ್ದೆಯೂ ಬಂತು, ದೇಶಗಳೆಲ್ಲ ಜಿನೀವಾಕ್ಕೆ ವರದಿ ಒಪ್ಪಿಸಬೇಕಂತೆ, ಅಲ್ಲೊಂದು ಸಮಿತಿ, ಹೋಮ್‌ವರ್ಕ್ ನೋಡುವ ಮೇಷ್ಟ್ರ ಹಾಗೆ, ಇದು ಮಾಡಿದಿರಾ ಅದು ಮಾಡಿದಿರಾ ಎಂದು ಕೇಳುತ್ತದಂತೆ, ಬೆತ್ತ ಮಾತ್ರ ಇಲ್ಲ. ಬೆತ್ತ ಇಲ್ಲದ ಮೇಷ್ಟ್ರ ಮಾತು ಯಾರು ಕೇಳ್ತಾರೆ ಮೇಡಂ ಎಂದು ನಾನೇ ಎದ್ದು — ಎದ್ದು ಎಂದರೆ ಕೈ ಎತ್ತಿ — ಕೇಳಿದ್ದೆ, ಆಕೆ, ನೀವು ಕೇಳ್ತಿರ್ಬೇಕು, ಅಷ್ಟೇ ಎಂದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ನನಗೇನು ಹೊಸದೇ, ನ್ಯೂಯಾರ್ಕಿನಿಂದ ದೆಹಲಿಗೆ, ದೆಹಲಿಯಿಂದ ಬೆಂಗಳೂರಿಗೆ, ಅಲ್ಲಿಂದ ದುರ್ಗಕ್ಕೆ, ಆ ಸಹಿ ಸಮುದ್ರ ದಾಟಿ ಬಂತು, ಈ ಗಾರೆ ಕಿತ್ತ ಮೆಟ್ಟಿಲಿಗೆ ಬಂದು ನನ್ನ ಹಾಗೇ ನಿಂತಿದೆ. ಆದರೂ ಕೇಳಿದ್ದೇನೆ, ನಮ್ಮ ಪಂಚಾಯ್ತಿ ಲೈಬ್ರರಿಗೆ ಇಳಿಜಾರು ಮಾಡಿಸಿದ್ದು ಕೇಳಿ ಕೇಳಿಯೇ, ಮೊದಲು ಕಟ್ಟಿದ್ದು ಎಮ್ಮೆಯೂ ಜಾರಿ ಬೀಳುವಂಥದ್ದು, ಒಡೆದು ಕಟ್ಟಿದರು, ಆಮೇಲೆ ಅದರ ತುದಿಗೇ ಒಂದು ಮೆಟ್ಟಿಲು ಇಟ್ಟರು, ಅದನ್ನೂ ಒಡೆಸಿದೆ, ಅತ್ತೂ ಕರೆದೂ ಔತಣ ಮಾಡಿಸಿಕೊಂಡ ಹಾಗಾಯಿತು ಅಂತ ಊರವರು ಅಣಕಿಸಿದರು, ಅಣಕಿಸಿದ ಕಾಳಕ್ಕನೇ ಈಗ ಮಂಡಿ ನೋವಿಗೆ ಅದರ ಮೇಲೆ ನಿಧಾನಕ್ಕೆ ಹತ್ತಿ ಬಂದು ಪೇಪರು ಓದುತ್ತಾಳೆ, ನನಗೆ ಅಷ್ಟು ಖುಷಿ. ಆಗುತ್ತದೆ, ತಡವಾಗುತ್ತದೆ, ಆದರೆ ಆಗುತ್ತದೆ. ಈ ಕಿರ್ರ್ ಶುರುವಾಗುವ ಮೊದಲೇ ಸಬ್ ರಿಜಿಸ್ಟ್ರಾರ್ ಮೆಟ್ಟಿಲ ತಿರುವಿನವರೆಗೆ ಬಂದು ಬಗ್ಗಿ ನೋಡಿದ್ದಳು, ದಿವ್ಯಾ ಅಂತೆ ಹೆಸರು, ಹೊಸಬಳು, ನನ್ನ ಚಕ್ರ ನೋಡಿದಳು, ಮೆಟ್ಟಿಲು ನೋಡಿದಳು, ಎಷ್ಟು ಹೊತ್ತಾಯ್ತು ಬಂದು ಎಂದಳು, ಬೆಳಿಗ್ಗೆನೇ ಬಂದ್ವಿ ಮೇಡಂ ಎಂದೆ, ತಿರುಗಿ ಹೋದಳು, ಅವಳ ದನಿ ಮಾತ್ರ ಕೆಳಗೆ ಬಂತು — ಮೇಲೆಯೇ ಮದುವೆ ಮಾಡಿಸಬೇಕು ಅಂತ ಎಲ್ಲಿದೆ ನಾಗಭೂಷಣ, ತೋರಿಸಿ ನೋಡೋಣ. ಆಮೇಲೆ ಏನು ಮಾತಾಯಿತೋ ಕೇಳಲಿಲ್ಲ.

ಈಗ ಮೆಟ್ಟಿಲ ಮೇಲೆ ಹೆಜ್ಜೆಗಳು, ಹಲವು, ಏದುಸಿರು, ಲೇ ಮೆಲ್ಲಕೆ ಮೆಲ್ಲಕೆ, ಗ್ವಾಡಿಗೆ ತಾಗ್ತೈತೆ — ಬಂದರು, ನನ್ನನ್ನು ಎತ್ತಲು ಬಂದರು, ಚಕ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ, ಬಿಡುವುದಿಲ್ಲ — ತಿರುವಿನಲ್ಲಿ ಮೊದಲು ಕಂಡಿದ್ದು ಕಾಲು, ಮನುಷ್ಯನದ್ದಲ್ಲ, ಮರದ್ದು, ಮೇಜಿನ ಕಾಲು, ಗಾಳಿಯಲ್ಲಿ, ಇನ್ನೊಂದು ಕಾಲು, ಹಸಿರು ರೆಕ್ಸಿನ್ ಹೊದಿಸಿದ ಸರ್ಕಾರದ ದೊಡ್ಡ ಮೇಜು, ನಾಲ್ಕು ಜನ ಹಿಡಿದುಕೊಂಡು ಓರೆಯಾಗಿ ಇಳಿಸುತ್ತಿದ್ದಾರೆ, ಮೇಲಿನ ತುದಿಯಲ್ಲಿ ನಾಗಭೂಷಣ ಕೆಂಪಾಗಿದ್ದಾನೆ, ಅವರ ಹಿಂದೆ ದಿವ್ಯಾ, ಎದೆಗೆ ದಪ್ಪ ಪುಸ್ತಕ ಅವಚಿಕೊಂಡು, ಸುದೀಪ ಹಾರಗಳನ್ನು ನನ್ನ ಮಡಿಲಿಗೆ ಹಾಕಿ ಮೇಲಕ್ಕೆ ಓಡುತ್ತಾನೆ, ಕೆಳಗಿನ ತುದಿ ಹಿಡಿದು, ನನ್ನ ಕಡೆ ಬೆನ್ನು ಮಾಡಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು ಇಳಿಯುತ್ತಿರುವವನು — ಅಪ್ಪಾ, ಸೊಂಟ ಅಪ್ಪಾ, ಬಿಡಪ್ಪಾ — ಸುದೀಪ ಅವನ ಪಕ್ಕಕ್ಕೆ ಹೋಗಿ ಭಾರಕ್ಕೆ ಹೆಗಲು ಕೊಡುತ್ತಾನೆ, ಅಪ್ಪ ಕೈ ಬಿಡುವುದಿಲ್ಲ, ತಿರುಗಿ ನೋಡುವುದೂ ಇಲ್ಲ, ದಾರಿ ಬಿಡವ್ವ, ಸರ್ಕಾರ ಇಳೀತಾ ಐತೆ. ನನಗೆ ನಗು, ಅಳು, ಚಕ್ರ ಹಿಂದಕ್ಕೆ ತಿರುಗಿಸುತ್ತೇನೆ, ಜಾಗ ಬಿಡುತ್ತೇನೆ, ಟವೆಲ್ ಜಾರಿ ಬಿದ್ದಿದೆ, ಕತ್ತು ಕಾಣುತ್ತಿದೆ, ನಾನು ಅದರ ಮೇಲಿಲ್ಲ, ದೂರದಿಂದ ನೋಡುತ್ತಿದ್ದೇನೆ, ಒಂದು ಮೆಟ್ಟಿಲು ಇಳಿಯುತ್ತದೆ, ಇನ್ನೊಂದು, ಬೆವರಿದ ಆ ಕತ್ತು, ಹೆಸರುಕಾಳಿನಷ್ಟು ಮಚ್ಚೆ, ಆ ಮಚ್ಚೆ