ಇನ್ನೂ ನಡೆದಿಲ್ವಾ?

ಆ ಮನೆಯ ಮುಂಭಾಗದಲ್ಲೇ ಹೊಲಿಗೆ ಅಂಗಡಿ. ಬಟ್ಟೆ ಕೊಡಲು ಬಂದವರು ಅಳತೆ ಕೊಟ್ಟು ಸುಮ್ಮನೆ ಹೋದರೆ ಕೇಳಿ. "ಇನ್ನೂ ನಡೆದಿಲ್ವಾ? ನಮ್ಮ ಮೊಮ್ಮಗಳು ಹತ್ತು ತಿಂಗಳಿಗೇ ಓಡ್ತಿದ್ಲು" ಎಂದು ಒಂದು ಮಾತು ಒಗೆದೇ ಮೆಟ್ಟಿಲಿಳಿಯುವರು. ಹೊಲಿಗೆಯವಳಿಗೆ ಕೇಳಿ ಕೇಳಿ ತಲೆ ಚಿಟ್ಟುಹಿಡಿದಿತ್ತು. ಮಗನಿಗಿನ್ನೂ ಹದಿಮೂರು ತಿಂಗಳು.

ಅತ್ತೆಯದೂ ಅದೇ ರಾಗ. "ನನ್ನ ಮಗ ಒಂಬತ್ತಕ್ಕೇ ನಡೆದ. ನಿಮ್ಮ ಕಡೆಯವರೇ ಸೋಮಾರಿಗಳು."

ಒಂಬತ್ತಕ್ಕೇ ನಡೆದ ಆ ಮಹಾಶಯ ಈಗ ಒಂದು ಲೋಟ ನೀರು ಬೇಕಾದರೂ ಕೂತಲ್ಲಿಂದಲೇ ಕೂಗುತ್ತಿದ್ದ. ಅದನ್ನು ಹೇಳಿದರೆ ರಂಪವಾದೀತೆಂದು ಅವಳು ಡಾಕ್ಟರ ಮಾತನ್ನೇ ಮುಂದಿಟ್ಟಳು.

"ಡಾಕ್ಟರು ನೋಡಿದಾರಲ್ಲ ಅತ್ತೆ. ಹಿಡ್ಕೊಂಡು ನಿಲ್ತಾನೆ, ಎಲ್ಲಾ ಸರಿಯಿದೆ, ಕೆಲವು ಮಕ್ಕಳು ತಡವಾಗೇ ನಡೀತಾವೆ ಅಂದ್ರು. ಅನುಮಾನ ಬಂದ್ರೆ ಅವರನ್ನೇ ಕೇಳೋಣ."

"ಡಾಕ್ಟರು ಮೂರು ಹೆತ್ತಿದಾರಾ? ನಾನು ಹೆತ್ತಿದೀನಿ."

ಅತ್ತೆ ಮಗುವನ್ನು ಒಳಗೆ ಕೂರಿಸುವ ಚಕ್ರದ ನಡಿಗೆಗಾಡಿ ತರಿಸಿಯೇಬಿಟ್ಟರು. ಸೊಸೆ ಗಿರಾಕಿಯ ಅಳತೆ ತೆಗೆಯುತ್ತಿದ್ದಾಗ ಅದು ಮಗುವಿನ ಸಮೇತ ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ ಉರುಳಿತು. ಗದ್ದ ಸೀಳಿ ಹೊಲಿಗೆ ಹಾಕಿಸಬೇಕಾಯಿತು. ಆಮೇಲೆ ಮಗು ಕುರ್ಚಿ ಹಿಡಿದು ನಿಲ್ಲುವುದನ್ನೂ ಬಿಟ್ಟಿತು. ಅವಳು ಗಾಡಿಯನ್ನು ಗುಜರಿಗೆ ಹಾಕಿದಳು. ಜನರ ಬಾಯನ್ನು ಯಾವ ಗುಜರಿಗೆ ಹಾಕುವುದು?

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ, ಕೆಂಪು ಬಟ್ಟೆಯ ಚೂರೊಂದರ ಆಸೆಗೆ ಮಗು ತಾನಾಗಿ ಎದ್ದು, ತೂರಾಡುತ್ತ ಬಂದು ಅವಳ ಮೊಣಕಾಲು ಹಿಡಿಯಿತು. ಅವಳಿಗೆ ಅಳುವೇ ಬಂತು. ಎಲ್ಲರಿಗೂ ತೋರಿಸಿಬಿಡಬೇಕೆಂದು ಮಗನನ್ನೆತ್ತಿಕೊಂಡು ಒಳಗೆ ಓಡಿದಳು.

ಒಳಗೆ, ಆಗಷ್ಟೇ ತವರಿನಿಂದ ಬಂದಿದ್ದ ವಾರಗಿತ್ತಿ ತಲೆ ತಗ್ಗಿಸಿ ನಿಂತಿದ್ದಳು. ಅವಳ ಏಳು ತಿಂಗಳ ಮಗಳನ್ನು ಅತ್ತೆ ದಿಂಬುಗಳ ನಡುವೆ ಒತ್ತಿ ಕೂರಿಸಿದ್ದರು. ಕೂಸು ಒಂದೇ ಸಮನೆ ಅಳುತ್ತಿತ್ತು.

"ದೊಡ್ಡೋಳ ಮಗ ಇಷ್ಟೊತ್ತಿಗೆ ಕೂತಿದ್ದ" ಎಂದ ಅತ್ತೆ, ಓಡಿ ಬಂದ ಹಿರಿಸೊಸೆಯ ಮುಖ ನೋಡಿ ಅರಳಿದರು. "ನಡೆದನಾ? ಇಳಿಸು, ನಡೆಸು. ಇವಳೂ ನೋಡ್ಲಿ."

ಈ ಮನೆಯಲ್ಲಿ ಮಗನಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ಆದರೆ ಆ ತಗ್ಗಿದ ತಲೆ ತನ್ನದೇ ಎಂದು ಅವಳಿಗೆ ಅನಿಸಿತು.

"ನಡೆಸಲ್ಲ ಅತ್ತೆ."

"ಯಾಕೆ, ನಡೆಯಲ್ವಾ?"

"ನಡೀತಾನೆ. ಇವನನ್ನ ಕೋಲು ಮಾಡ್ಕೊಂಡು ಆ ಮಗೂಗೆ ಹೊಡೆಯೋಕೆ ಬಿಡಲ್ಲ."

ಅತ್ತೆ ಗೊಣಗುತ್ತಲೇ ಇದ್ದರು. ಅವಳು ದಿಂಬು ಸರಿಸಿ, ಕೂಸನ್ನು ಚಾಪೆಯ ಮೇಲೆ ಹಾಯಾಗಿ ಮಲಗಿಸಿದಳು. ಅಳು ನಿಂತಿತು.

"ಅಕ್ಕಾ, ನಾಳೆ ಅಂಗಡಿಗೆ ಬಂದೋರು 'ಇನ್ನೂ ಕೂತಿಲ್ವಾ' ಅಂತ ಕೇಳಿದ್ರೆ?" ವಾರಗಿತ್ತಿ ಮೆಲ್ಲಗೆ ಕೇಳಿದಳು.

"ಅಳತೆ ಕೊಡೋಕೆ ಬಂದ್ರಾ, ತಗೊಳ್ಳೋಕೆ ಬಂದ್ರಾ ಅಂತ ಕೇಳು."